ಕೈ ನಮ್ಮದು, ಸೀಲು ಅವರದು

ಒಂದು ಕಾಗದದ ಬಗ್ಗೆ ಮಾತಾಡಬೇಕಾಗಿದೆ. ಪದ್ಯ ಬರೆಯೋ ಹುಡುಗರಿಗೆ ವೈರಿಂಗಿನ ಉಸಾಬರಿ ಯಾಕೆ ಅನ್ನುವವರು ಅನ್ನಲಿ. ನಮ್ಮ ಕೇರಿಗಳಲ್ಲಿ ಡಿಗ್ರಿ ಮುಗಿಸಿ ಬಂದವನಿಗೆ ಜನ ಪದ್ಯ ಬರಿ ಅಂತ ಹೇಳೋದಿಲ್ಲ. ಅರ್ಜಿ ಬರಿ ಅಂತಾರೆ. ಪಡಿತರ ಚೀಟಿಗೆ, ವಿಧವಾ ವೇತನಕ್ಕೆ, ಜಾತಿ ಸರ್ಟಿಫಿಕೇಟಿಗೆ, ಕರೆಂಟಿಗೆ. ನಮ್ಮ ಅಪ್ಪಂದಿರು ಹೆಬ್ಬೆಟ್ಟು ಒತ್ತಿದ ಜಾಗದಲ್ಲಿ ನಾವು ಸಹಿ ಹಾಕೋದನ್ನ ಕಲಿತು ಬಂದಿದ್ದೇವೆ. ಹೀಗೆ ಬರೆದ ಕರೆಂಟಿನ ಅರ್ಜಿಗಳಿಗೆ ಪಿನ್ನು ಹಾಕಿ ಲಗತ್ತಿಸಬೇಕಾದ ಕಾಗದವೊಂದಿದೆ. ಕಂಪ್ಲೀಷನ್ ರಿಪೋರ್ಟು ಅಂತ ಅದರ ಹೆಸರು. ಹೊಸ ಕನೆಕ್ಷನ್ನಿಗೆ ಅದು ಬೇಕು. ಹಳೇ ಮನೆಯ ಕೊಳೆತ ವೈರು ಕಿತ್ತು ಹೊಸದು ಎಳೆಸಿ ಲೋಡು ಹೆಚ್ಚಿಸಿಕೊಳ್ಳಬೇಕಾದರೂ ಅದು ಬೇಕು.

ಆ ಕಾಗದ ಏನು ಹೇಳುತ್ತದೆ? ಈ ಮನೆಯ ಕೆಲಸ ಮಾಡಿಸಿದವನು ನಾನು, ಪರೀಕ್ಷೆ ಮಾಡಿದವನು ನಾನು, ಎಲ್ಲ ಸರಿಯಾಗಿದೆ, ಕರೆಂಟು ಕೊಡಬಹುದು, ಅಂತ ಲೈಸೆನ್ಸುದಾರ ಕಂಟ್ರಾಕ್ಟರು ಹೇಳುತ್ತಾನೆ. ಕೆಳಗೆ ಸಹಿ, ಸಹಿಯ ಮೇಲೆ ದುಂಡನೆ ಸೀಲು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನಲ್ಲಿ ನಾವು ತಿರುಗಿದ ಕೇರಿಗಳಲ್ಲೆಲ್ಲ ಒಂದೇ ಪ್ರಶ್ನೆ ಕೇಳಿದೆವು. ಸೀಲು ಒತ್ತಿದವನು ನಿಮ್ಮ ಮನೆ ಬಾಗಿಲಿಗೆ ಯಾವತ್ತಾದರೂ ಬಂದಿದ್ದನೇ? ಜನ ನಕ್ಕರು. "ಅವನ್ಯಾಕೆ ಬತ್ತಾನೆ ಕಣಣ್ಣ, ಕಾಗದ ಪ್ಯಾಟೇಲೇ ಸಿಕ್ತದಲ್ಲ." ಅದಕ್ಕೊಂದು ದರ ಐತೆ. ದರದಲ್ಲಿ ಚೌಕಾಸಿಯೂ ಐತೆ. ಮನೆ ನೋಡದೆ, ಗೋಡೆ ಮುಟ್ಟದೆ, ಬೋರ್ಡು ಬಿಚ್ಚದೆ, ಮೆಗ್ಗರಿನ ಮುಳ್ಳು ಅಲುಗದೆ, ಎಲ್ಲ ಸರಿಯಾಗಿದೆ ಅಂಬೋ ಮಾತು ಮಾರಾಟಕ್ಕಿದೆ. ಕೊಳ್ಳದೆ ಬೇರೆ ದಾರಿಯಿಲ್ಲ.

ಹಾಗಾದರೆ ಗೋಡೆ ಮುಟ್ಟಿದವನು ಯಾರು? ನಮ್ಮ ಹುಡುಗ. ಎಸ್ಸೆಸ್ಸೆಲ್ಸೀಲಿ ಇಂಗ್ಲಿಷೋ ಗಣಿತವೋ ಹೋಗಿ ಬೆಂಗಳೂರಿಗೆ ಬಸ್ಸು ಹತ್ತಿದವನು. ಅಲ್ಲಿ ಕಟ್ಟಡಗಳಲ್ಲಿ ಗೋಡೆ ಕೊರೆದು ಪೈಪು ಕೂರಿಸೋದರಿಂದ ಶುರು ಮಾಡಿ ನಾಲ್ಕೈದು ವರ್ಷಕ್ಕೆ ಡಿಸ್ಟ್ರಿಬ್ಯೂಷನ್ ಬೋರ್ಡು ಕಟ್ಟೋದನ್ನ ಕಲಿತವನು. ಹಬ್ಬಕ್ಕೆ ಊರಿಗೆ ಬಂದಾಗ ಅತ್ತೆ ಮನೆ, ಮಾವನ ಮನೆ, ಕೊನೆಗೆ ಊರ ಗೌಡರ ಮನೆಯ ವೈರಿಂಗನ್ನೂ ಮಾಡಿಕೊಟ್ಟು ಹೋಗುವವನು. ಅವನ ಜೇಬಲ್ಲಿ ಟೆಸ್ಟರು ಇದೆ, ಟೇಪು ಇದೆ. ಕಾಗದ ಇಲ್ಲ. ಮಾರಮ್ಮನ ಜಾತ್ರೆಗೆ ಸೀರಿಯಲ್ ಸೆಟ್ಟು ಕಟ್ಟುವಾಗ ಅವನನ್ನು ಯಾರೂ ಕಾಗದ ಕೇಳಲಿಲ್ಲ. ಏಪ್ರಿಲ್ 14ಕ್ಕೆ ಬಾಬಾ ಸಾಹೇಬರ ಪ್ರತಿಮೆಗೆ ಲೈಟು ಹಾಕುವಾಗ ನಾವೂ ಕೇಳಲಿಲ್ಲ.

ಈಗ ಕಾನೂನು ನೋಡೋಣ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಾವಳಿಯ 45ನೇ ನಿಯಮ ಹೇಳಿದ್ದು ಇಷ್ಟು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಇಂಥವನ್ನು ಬದಲಿಸೋದು ಯಾರು ಬೇಕಾದರೂ ಮಾಡಬಹುದು. ವೈರಿಂಗಿನ ಶಕ್ತಿಯನ್ನೋ ಸ್ವರೂಪವನ್ನೋ ಬದಲಿಸುವ ಮಿಕ್ಕ ಕೆಲಸವನ್ನೆಲ್ಲ ರಾಜ್ಯ ಸರ್ಕಾರದ ಲೈಸೆನ್ಸು ಪಡೆದ ಕಂಟ್ರಾಕ್ಟರೇ ಮಾಡಿಸಬೇಕು, ಅರ್ಹತಾ ಪತ್ರವಿರುವ ಸೂಪರ್‌ವೈಸರು ಖುದ್ದು ಮೇಲ್ವಿಚಾರಣೆ ಮಾಡಬೇಕು, ಪರ್ಮಿಟ್ಟಿರುವ ವೈರ್‌ಮನ್ನು ಕೈಯಿಕ್ಕಬೇಕು. 1910ರ ಕಾಯಿದೆ ಹೋಗಿ 2003ರ ವಿದ್ಯುಚ್ಛಕ್ತಿ ಕಾಯಿದೆ ಬಂತು. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತೆಯ ನಿಯಮಗಳನ್ನು ಹೊಸದಾಗಿ ಬರೆಯಿತು, 2023ರಲ್ಲಿ ಇನ್ನೊಂದು ಸಲ ಬರೆಯಿತು. ಈ ಮೂವರು ಮಾತ್ರ ಅಲ್ಲಾಡಲಿಲ್ಲ. ಕರ್ನಾಟಕದಲ್ಲಿ ಇವರಿಗೆ ಲೈಸೆನ್ಸು, ಪರ್ಮಿಟ್ಟು ಕೊಡೋದು ವಿದ್ಯುತ್ ಪರಿವೀಕ್ಷಣಾಲಯ.

ಕಂಟ್ರಾಕ್ಟರು, ಸೂಪರ್‌ವೈಸರು, ವೈರ್‌ಮನ್ನು. ಮೂರು ಮೆಟ್ಟಿಲು. ಮೂರರ ಹೊರಗೆ ಇನ್ನೊಬ್ಬ ನಿಂತಿದ್ದಾನೆ. ನಿಯಮದ ಪುಸ್ತಕದಲ್ಲಿ ಅವನ ಹೆಸರಿಲ್ಲ. ಕೆಲಸ ಮಾಡೋನು ಅವನೇ. ಮನುವಿನ ಪುಸ್ತಕದಲ್ಲಿ ನಾಲ್ಕರ ಹೊರಗೆ ನಿಂತವನಿಗೆ ಏನು ಹೆಸರಿಟ್ಟರು ಅಂತ ನಮಗೆ ಗೊತ್ತು. ಈ ಪುಸ್ತಕ ಬರೆದವರಿಗೆ ಅಷ್ಟೂ ಪುರುಸೊತ್ತಾಗಲಿಲ್ಲ.

ತಪ್ಪು ತಿಳಿಯಬೇಡಿ. ನಿಯಮ ಬರೆದವರೆಲ್ಲ ಜಾತಿ ಕಾರಣಕ್ಕೇ ಬರೆದರು ಅಂತ ನಾವು ಹೇಳುತ್ತಿಲ್ಲ. ಬೆಂಕಿಯ ಹಾಗೆ ಕರೆಂಟೂ ಜೀವ ತೆಗೆಯುತ್ತದೆ, ಕಲಿತವನು ಮುಟ್ಟಲಿ ಅಂತ ಬರೆದಿದ್ದಾರೆ. ಆದರೆ ಊರಿನೊಳಗೆ ಇಳಿದ ಮೇಲೆ ಆ ನಿಯಮ ಏನಾಯಿತು ನೋಡಿ. ಕೈ ಒಂದು ಕಡೆಗೆ ಹೋಯಿತು, ಸಹಿ ಇನ್ನೊಂದು ಕಡೆಗೆ ಹೋಯಿತು. ಕೈ ಕೇರಿಯಲ್ಲಿ ಉಳಿಯಿತು. ಸಹಿ ಪೇಟೆಯ ಅಂಗಡಿಯಲ್ಲಿ, ಫ್ಯಾನಿನ ಕೆಳಗೆ ಕೂತಿತು. ಕೈಗೆ ದಿನಗೂಲಿ. ಸಹಿಗೆ ಕೂತಲ್ಲೇ ಕಾಸು. ಶಾನುಭೋಗರ ಲೇಖನಿಗೂ ನಮ್ಮ ಮುತ್ತಾತನ ನೇಗಿಲಿಗೂ ಇದ್ದ ಸಂಬಂಧಕ್ಕಿಂತ ಇದು ಯಾವುದರಲ್ಲಿ ಬೇರೆ ಸ್ವಾಮಿ? ಆವತ್ತು ಹೊಲ ಉಳುವವನಿಗೆ ಪಹಣಿಯಲ್ಲಿ ಜಾಗವಿರಲಿಲ್ಲ. ಇವತ್ತು ವೈರು ಎಳೆಯುವವನಿಗೆ ರಿಪೋರ್ಟಿನಲ್ಲಿ ಜಾಗವಿಲ್ಲ.

ಇಷ್ಟೇ ಆಗಿದ್ದರೆ ಕೂಲಿಯ ಜಗಳ ಅಂತ ಬಿಡಬಹುದಿತ್ತು. ಇದರಲ್ಲಿ ಹೆಣಗಳಿವೆ.

ಹಳ್ಳಿಯ ಮೇಷ್ಟ್ರುಗಳು ಈ ಲೆಕ್ಕವನ್ನು ದಯವಿಟ್ಟು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ತೋರಿಸಬೇಕು. ಮನೆಗೆ ಬರುವ ಕರೆಂಟು 230 ವೋಲ್ಟು. ಒದ್ದೆ ಮೈಯ ತಡೆ ಸುಮಾರು 1000 ಓಮ್ ಅಂತ ಹಿಡಿಯಿರಿ. ಭಾಗಿಸಿದರೆ 0.23 ಆಂಪಿಯರು, ಅಂದರೆ 230 ಮಿಲಿ ಆಂಪಿಯರು. ಮೈಯೊಳಗೆ 30 ಮಿಲಿ ಆಂಪಿಯರು ದಾಟಿದರೇ ಎದೆಬಡಿತ ದಿಕ್ಕು ತಪ್ಪುವ ಅಪಾಯ ಶುರುವಾಗುತ್ತದೆ. ಫ್ಯೂಸು ಇದೆಯಲ್ಲ ಅಂತೀರಾ? ಫ್ಯೂಸು 5 ಆಂಪಿಯರಿನದು. 0.23 ಆಂಪಿಯರು ಹರಿದರೆ ಅದಕ್ಕೆ ಗೊತ್ತೂ ಆಗುವುದಿಲ್ಲ. ಮನುಷ್ಯ ಸತ್ತು ತಣ್ಣಗಾದರೂ ಬಲ್ಬು ಉರಿಯುತ್ತಲೇ ಇರುತ್ತದೆ. ಫ್ಯೂಸು ಕಾಯುವುದು ವೈರನ್ನು.

ಮನುಷ್ಯನನ್ನು ಕಾಯೋದು ಎರಡು. ಒಂದು, ಸರಿಯಾದ ಅರ್ತಿಂಗು. ಎರಡು, 30 ಮಿಲಿ ಆಂಪಿಯರು ಸೋರಿದ ಕೂಡಲೇ ಕಣ್ಣುರೆಪ್ಪೆ ಬಡಿಯೋದರೊಳಗೆ ಕರೆಂಟು ಕಡಿಯುವ ಪುಟ್ಟ ಯಂತ್ರ. ಇಎಲ್‌ಸಿಬಿ ಅಂತಲೋ ಆರ್‌ಸಿಸಿಬಿ ಅಂತಲೋ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಈ ಯಂತ್ರವನ್ನು ಕಡ್ಡಾಯ ಮಾಡಿದಾಗ ಆ ಹಳೇ ನಿಯಮಾವಳಿಯ 61ಎ ನಿಯಮ ಒಂದು ಗೆರೆ ಎಳೆಯಿತು. 5 ಕಿಲೋವಾಟಿಗಿಂತ ಕಡಿಮೆ ಲೋಡಿನ ಮನೆಗೆ ಇದು ಕಡ್ಡಾಯವಲ್ಲ. 5 ಕಿಲೋವಾಟಿನ ಮೇಲೆ ಇದ್ದವರು ಯಾರು, ಕೆಳಗೆ ಇದ್ದವರು ಯಾರು? ನಮ್ಮ ಕೇರಿಯ ಅಷ್ಟೂ ಮನೆ ಕೂಡಿಸಿದರೂ ಆಗ ಆ ಗೆರೆ ಮುಟ್ಟುತ್ತಿತ್ತೋ ಇಲ್ಲವೋ. ಹೆಚ್ಚು ಕರೆಂಟು ಉರಿಸುವವನ ಜೀವಕ್ಕೆ ಯಂತ್ರದ ಕಾವಲು, ಒಂದೇ ಬಲ್ಬಿನವನ ಜೀವಕ್ಕೆ ದೇವರ ಕಾವಲು.

ಅರ್ತಿಂಗಿನ ಕತೆ ಇನ್ನೂ ಚೆನ್ನಾಗಿದೆ. ಭಾರತೀಯ ಮಾನಕದ ಪ್ರಕಾರ ಎರಡೂವರೆ ಮೀಟರಿನ ಜಿ.ಐ. ಪೈಪು ನೆಲದಲ್ಲಿ ಹೂಳಬೇಕು, ಸುತ್ತ ಇದ್ದಿಲು, ಉಪ್ಪು ತುಂಬಬೇಕು, ಆಗಾಗ ನೀರು ಹಾಕಿ ತೇವ ಇಟ್ಟಿರಬೇಕು. ಮಣ್ಣು ಒಣಗಿದರೆ ಸೋರಿದ ಕರೆಂಟು ಭೂಮಿಗೆ ಇಳಿಯೋದಿಲ್ಲ. ಈ ಮಾತನ್ನು ಪಾವಗಡದಲ್ಲಿ ಹೋಗಿ ಹೇಳಿ ನೋಡೋಣ. ಕುಡಿಯೋ ನೀರಿನಲ್ಲೇ ಫ್ಲೋರೈಡು ಕುಡಿದು ಹಲ್ಲು ಕಂದಿ ಮೂಳೆ ಬಗ್ಗಿದ ಜನ ಅರ್ತಿಂಗು ಗುಂಡಿಗೆ ಬಿಂದಿಗೆ ನೀರು ಎಲ್ಲಿಂದ ತಂದಾರು? ಅಷ್ಟು ದೂರ ಯಾಕೆ, ಗುಂಡಿಯೇ ಇಲ್ಲ. ಮೂರು ತೂತಿನ ಪ್ಲಗ್ಗಿನಲ್ಲಿ ಮೇಲಿನ ತೂತು ಖಾಲಿ, ಇಲ್ಲವೇ ಅದನ್ನು ನ್ಯೂಟ್ರಲ್ಲಿಗೇ ಗಂಟು ಹಾಕಿರುತ್ತಾರೆ. ಹೊರಗೆ ನ್ಯೂಟ್ರಲ್ಲು ಕಡಿದುಹೋದ ದಿನ ಮಿಕ್ಸಿಯ, ಇಸ್ತ್ರಿಪೆಟ್ಟಿಗೆಯ ಮೈಯೆಲ್ಲ ಕರೆಂಟಾಗುತ್ತದೆ.

ನಮ್ಮ ಕಡೆ ಮನೆಗಳು ಹೇಗಿವೆ ಗೊತ್ತಲ್ಲ. ಕಲ್ಲುಚಪ್ಪಡಿಯ ಗೋಡೆ, ಮೇಲೆ ಜಿಂಕ್ ಶೀಟು. ವೈರು ಶೀಟಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಬಿಡುತ್ತದೆ. ಶೀಟಿನ ಕಂಬದಿಂದ ಬೇವಿನ ಮರಕ್ಕೆ ಬಟ್ಟೆ ಒಣಹಾಕಲು ಜಿ.ಐ. ತಂತಿ ಕಟ್ಟಿರುತ್ತಾರೆ. ಮಳೆ ಬಂದು ನಿಂತ ಮೇಲೆ ಒದ್ದೆ ಸೀರೆ ಹಿಡಿದು ಹೋಗುವವಳು ಯಾರು? ನಮ್ಮ ಅವ್ವ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ ಈ ದೇಶದಲ್ಲಿ ಕರೆಂಟು ಹೊಡೆದು ಸಾಯುವವರು ವರ್ಷಕ್ಕೆ 10,000ಕ್ಕೂ ಮೇಲೆ. ಗಂಡು ಎಷ್ಟು, ಹೆಣ್ಣು ಎಷ್ಟು, ಯಾವ ರಾಜ್ಯದಲ್ಲಿ ಎಷ್ಟು ಅಂತ ಆ ಪಟ್ಟಿ ಹೇಳುತ್ತದೆ. ಸತ್ತವರ ಮನೆಯ ರಿಪೋರ್ಟಿಗೆ ಸೀಲು ಒತ್ತಿದವರು ಯಾರು ಅಂತ ಹೇಳೋದಿಲ್ಲ.

ಸತ್ತ ಮೇಲೆ ಏನಾಗುತ್ತದೆ? 2003ರ ಕಾಯಿದೆಯ 161ನೇ ಕಲಮಿನ ಪ್ರಕಾರ ಅಪಘಾತದ ವರದಿ ಹೋಗಬೇಕು, ವಿಚಾರಣೆ ನಡೆಸಬಹುದು. ಕೇಳಿಬರುವ ಮಾತು ಮಾತ್ರ ಒಂದೇ: ಅನಧಿಕೃತ ವೈರಿಂಗು. ಯಾರು ಅನಧಿಕೃತ? ಸೀಲಿನ ಕಾಗದ ನಿಮ್ಮ ಕಡತದಲ್ಲೇ ಇದೆಯಲ್ಲ! ಅದರಲ್ಲಿ ಎಲ್ಲ ಸರಿಯಾಗಿದೆ ಅಂತ ಇದೆಯಲ್ಲ! ಆಗ ಸೀಲಿನವನು ಹೇಳುತ್ತಾನೆ, ನಾನು ಮಾಡಿದ ಮೇಲೆ ಅವರು ಕೈಯಾಡಿಸಿದ್ದಾರೆ ಅಂತ. ಮಾಡಿದ್ದೇ ಇಲ್ಲ ಮಹಾರಾಯ, ಆಮೇಲೆ ಅಂಬೋದು ಎಲ್ಲಿಂದ ಬಂತು? ಕಾಗದ ಕೊಂಡವನಿಗೆ ಅದು ರಕ್ಷಣೆ ಕೊಡಲಿಲ್ಲ. ಮಾರಿದವನಿಗೂ ಅದರಿಂದ ಹೊಣೆ ಬರಲಿಲ್ಲ. ಅಷ್ಟರ ಮೇಲೆ ನಮ್ಮ ಹುಡುಗ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರುತ್ತಾನೆ.

ಈ ವೈರುಗಳು ಬಂದದ್ದು ಎಲ್ಲಿಂದ ಅನ್ನೋದನ್ನೂ ಹೇಳಿಬಿಡಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಇಂಗ್ಲಿಷ್ ಕಂಪನಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ. ಬಡವರ ಗುಡಿಸಲಿಗೆ ಅಂತ ರಾಜ್ಯ ಸರ್ಕಾರ ಭಾಗ್ಯಜ್ಯೋತಿ ತಂದದ್ದು 1979-80ರಲ್ಲಿ. ಒಂದು ಮನೆ, ಒಂದು ಬಲ್ಬು, 40 ವ್ಯಾಟು. ಬಂದದ್ದೇ ದೊಡ್ಡದು, ಅಲ್ಲಗಳೆಯಬಾರದು. ಬುಡ್ಡಿದೀಪದ ಹೊಗೆಯಲ್ಲಿ ಓದಿದ್ದ ನಮ್ಮ ಅಣ್ಣಂದಿರಿಗೆ ಆ 40 ವ್ಯಾಟು ಸೂರ್ಯನೇ ಆಗಿತ್ತು. ಆದರೆ ಒಂದು ಬಲ್ಬಿಗೆ ಅಂತ ಎಳೆದ ವೈರಿಗೆ ಆಮೇಲೆ ಟಿ.ವಿ. ಬಂತು, ಫ್ಯಾನು ಬಂತು, ಮಿಕ್ಸಿ ಬಂತು, ಮೊಬೈಲ್ ಚಾರ್ಜರು ಬಂತು. 2023ರಲ್ಲಿ ಗೃಹಜ್ಯೋತಿ ಬಂದು 200 ಯೂನಿಟ್ಟಿನವರೆಗೆ ಬಿಲ್ಲು ಇಲ್ಲ ಅಂದಿತು. ಅದಕ್ಕೂ ಹಿಂದಿನ ವರ್ಷದ ಸರಾಸರಿ ನೋಡಿ ಹತ್ತು ಪರ್ಸೆಂಟು ಸೇರಿಸಿ ಕೊಟ್ಟರು, ಕಡಿಮೆ ಉರಿಸಿದವನಿಗೆ ಕಡಿಮೆ. ಆ ಜಗಳ ಇನ್ನೊಂದು ದಿನ ಆಡೋಣ. ಬಿಲ್ಲು ಬಿಟ್ಟ ಸರ್ಕಾರ ಗೋಡೆಯ ಮೇಲಿನ ವೈರಿನ ಕಡೆ ತಿರುಗಿ ನೋಡಲಿಲ್ಲ ಅನ್ನೋದು ಇವತ್ತಿನ ಮಾತು. ರೀವೈರಿಂಗು ಮಾಡಿಸಿಕೊಳ್ಳೋದು ನಿನ್ನ ಖರ್ಚು, ಸೀಲು ಕೊಳ್ಳೋದೂ ನಿನ್ನ ಖರ್ಚು.

ಪಾವಗಡಕ್ಕೆ ಇನ್ನೊಮ್ಮೆ ಬನ್ನಿ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆ ಮೇಲೆ 2,050 ಮೆಗಾವಾಟಿನ ಸೋಲಾರ್ ಪಾರ್ಕು ಹಾಸಿದ್ದಾರೆ. 2018ರಲ್ಲಿ ಉದ್ಘಾಟನೆ ಆಯಿತು, ಶಕ್ತಿಸ್ಥಳ ಅಂತ ಹೆಸರು. ಭೂಮಿಯಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ. ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರ ಪಾಲಿಗೆ ಆ ಹಣದಲ್ಲಿ ಒಂದು ಕಾಸೂ ಬರಲಿಲ್ಲ. ಕೂಲಿ ಹೋಯಿತು, ಕುರಿ ಮೇಯಿಸೋ ಬಯಲೂ ಬೇಲಿಯೊಳಗೆ ಹೋಯಿತು. ಉಳಿದದ್ದು ಪ್ಯಾನೆಲ್ಲು ತೊಳೆಯೋದು, ಹುಲ್ಲು ಕೀಳೋದು, ರಾತ್ರಿ ಕಾವಲು. ನಮ್ಮ ನೆತ್ತಿ ಸುಡೋ ಬಿಸಿಲೇ ಮೆಗಾವಾಟಾಗಿ ಹೈಟೆನ್ಷನ್ ಲೈನಿನಲ್ಲಿ ದೂರ ಹೋಗುತ್ತದೆ. ಆ ಲೈನಿನ ಕೆಳಗಿನ ಹಟ್ಟಿಯಲ್ಲಿ ಸ್ವಿಚ್ಚು ಮುಟ್ಟುವ ಮೊದಲು ಹವಾಯಿ ಚಪ್ಪಲಿ ಹಾಕಿಕೋ ಅಂತ ಮಕ್ಕಳಿಗೆ ಹೇಳಿಕೊಡುತ್ತಾರೆ. ನಮ್ಮವರ ಅರ್ತಿಂಗು ಅದು.

ಇನ್ನು ದೊಡ್ಡವರ ವಿಷಯ. ಕೇಂದ್ರ ಪ್ರಾಧಿಕಾರದ ನಿಯಮಗಳಲ್ಲಿ ಸ್ವಯಂ ದೃಢೀಕರಣ ಅಂಬೋ ಪದ ಬಂದಾಗಿದೆ. ನಿಗದಿಯಾದ ವೋಲ್ಟೇಜಿನವರೆಗೆ ಸ್ಥಾವರದ ಮಾಲೀಕರೇ ತಮ್ಮದು ಸರಿಯಿದೆ ಅಂತ ದೃಢೀಕರಿಸಿಕೊಳ್ಳಬಹುದು. ಅವರ ನೆರವಿಗೆ 2018ರ ತಿದ್ದುಪಡಿಯಲ್ಲಿ ಚಾರ್ಟರ್ಡ್ ಸುರಕ್ಷತಾ ಎಂಜಿನಿಯರುಗಳನ್ನೂ ಹುಟ್ಟುಹಾಕಿದರು. ಉದ್ಯಮಕ್ಕೆ ತೊಂದರೆಯಾಗಬಾರದು, ಇನ್‌ಸ್ಪೆಕ್ಟರು ಬರುವ ತನಕ ಕಾಯಬಾರದು ಅಂತ ವಾದ. ಇರಲಿ. ಕಾರ್ಖಾನೆಯ ಮಾಲೀಕನ ಮಾತಿನ ಮೇಲೆ ನಂಬಿಕೆ ಇಡಬಹುದಾದರೆ, ಎರಡು ಅಂಕಣದ ಮನೆಗೆ ತಾನೇ ವೈರು ಎಳೆದವನಿಗೆ, ಬಾರಪ್ಪ, ನಿನ್ನ ಕೆಲಸ ಪರೀಕ್ಷೆ ಮಾಡುತ್ತೇವೆ ಅಂತ ಹೇಳುವ ಬಾಗಿಲಾದರೂ ಬೇಡವೇ? ನಾವು ನಂಬಿ ಅಂತ ಕೇಳುತ್ತಿಲ್ಲ. ಪರೀಕ್ಷೆ ಮಾಡಿ ಅಂತ ಕೇಳುತ್ತಿದ್ದೇವೆ.

ಲೈಸೆನ್ಸಿಲ್ಲದವನ ಕೆಲಸವನ್ನು ಸರ್ಕಾರ ಪರೀಕ್ಷಿಸಿ ಸರ್ಟಿಫಿಕೇಟು ಕೊಡೋದು ಲೋಕದಲ್ಲಿ ಎಲ್ಲಾದರೂ ಉಂಟೇ ಅಂತ ಒಬ್ಬ ಎಂಜಿನಿಯರು ನಮ್ಮನ್ನು ಕೇಳಿದರು. ಉಂಟು. ನಮಗೆ 1910ರ ಕಾಯಿದೆ ಕೊಟ್ಟುಹೋದ ಇಂಗ್ಲಿಷರ ದೇಶದಲ್ಲೇ ಉಂಟು. ಅಲ್ಲಿ 2005ರ ಜನವರಿಯಿಂದ ಕಟ್ಟಡ ನಿಯಮಗಳ 'ಪಿ' ಭಾಗ ಜಾರಿಗೆ ಬಂತು. ನೋಂದಾಯಿತ ಎಲೆಕ್ಟ್ರಿಷಿಯನ್ನು ತನ್ನ ಕೆಲಸಕ್ಕೆ ತಾನೇ ಸರ್ಟಿಫಿಕೇಟು ಕೊಡಬಹುದು. ನೋಂದಣಿ ಇಲ್ಲದವನು ತನ್ನ ಮನೆಯ ಇಡೀ ರೀವೈರಿಂಗು ಮಾಡಬೇಕಾದರೆ ಶುರು ಮಾಡುವ ಮುಂಚೆ ಊರಿನ ಕೌನ್ಸಿಲ್ಲಿಗೆ ತಿಳಿಸಬೇಕು, ಫೀಸು ಕಟ್ಟಬೇಕು. ಅವರು ಬಂದು ನೋಡುತ್ತಾರೆ, ಪರೀಕ್ಷೆ ಆಗುತ್ತದೆ, ಸರಿಯಿದ್ದರೆ ಸರ್ಟಿಫಿಕೇಟು. 2013ರ ಏಪ್ರಿಲಿನಿಂದ, ಬೇರೆಯವರ ಕೆಲಸ ಪರೀಕ್ಷಿಸಲೆಂದೇ ನೋಂದಾಯಿಸಿಕೊಂಡ ಮೂರನೆಯವನನ್ನೂ ಮೊದಲೇ ನೇಮಿಸಿಕೊಂಡು ಮಾಡಬಹುದು. ಫೀಸು ಜಾಸ್ತಿ ಅಂತ ಅಲ್ಲಿಯವರೂ ಗೊಣಗುತ್ತಾರೆ, ಕದ್ದು ಮಾಡುವವರೂ ಇದ್ದಾರೆ. ಅಲ್ಲೇನೂ ರಾಮರಾಜ್ಯ ಇಲ್ಲ. ಆದರೆ ಕೆಲಸ ಮಾಡಿದವನು ಒಬ್ಬ, ಪರೀಕ್ಷಿಸಿದವನು ಇನ್ನೊಬ್ಬ ಅಂತ ಕಾಗದದಲ್ಲಿ ನಿಜ ಬರೆಯೋಕೆ ಅಲ್ಲಿ ಜಾಗ ಇದೆ. ನಮ್ಮಲ್ಲಿ ಸುಳ್ಳು ಬರೆದರೆ ಮಾತ್ರ ಕರೆಂಟು.

ಇಲ್ಲಿ ಅಷ್ಟು ಅಧಿಕಾರಿಗಳೆಲ್ಲಿ ಅಂತ ಅದೇ ಎಂಜಿನಿಯರು ಕೇಳಿದರು. ಕರೆಂಟು ಕಳ್ಳತನ ಹಿಡಿಯೋಕೆ 135ನೇ ಕಲಮು ಹಿಡಿದು ಕೇರಿಗೆ ಜೀಪು ಬರುತ್ತದಲ್ಲ, ಆ ಜೀಪಿನಲ್ಲಿ ಒಂದು ಮೆಗ್ಗರಿಗೆ ಜಾಗ ಇಲ್ಲವೇ? ಮೆಗ್ಗರು ಏನೂ ರಾಕೆಟ್ಟಲ್ಲ. 500 ವೋಲ್ಟು ಡಿ.ಸಿ. ಒಂದು ನಿಮಿಷ ಹಾಯಿಸಿದಾಗ ವೈರಿಗೂ ಭೂಮಿಗೂ ನಡುವೆ 1 ಮೆಗಾ ಓಮ್ ಆದರೂ ತಡೆ ಇರಬೇಕು ಅಂತ ನಿಯಮವೇ ಹೇಳುತ್ತದೆ. ಒಂದು ಮನೆಗೆ ಅರ್ಧ ಗಂಟೆ ಸಾಕು. ಐ.ಟಿ.ಐ.ಗಳಲ್ಲಿ ಎರಡು ವರ್ಷ ಇದನ್ನೇ ಕಲಿಸುತ್ತಾರೆ. ಪಾಸಾದ ಹುಡುಗರು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸೆಕ್ಯೂರಿಟಿ ಯೂನಿಫಾರಂ ಹಾಕಿ ಗೇಟು ತೆಗೆಯುತ್ತಿದ್ದಾರೆ.

ನಮ್ಮ ಗೆಳೆಯರಲ್ಲೂ ಎರಡು ಥರದ ಮಾತಿದೆ. ಕೆಲವರು ಹೇಳುತ್ತಾರೆ, ಲೈಸೆನ್ಸೇ ಒಂದು ಶೋಷಣೆ, ಅದನ್ನು ಸುಟ್ಟುಹಾಕಿ ಅಂತ. ಇದು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು. ಸುಟ್ಟರೆ ಸಾಯೋದು ಯಾರು? ಕಾಂಟ್ರಾಕ್ಟರ ಹೆಂಡತಿ ಬಟ್ಟೆ ಒಣಗಿಸೋದು ಮಹಡಿಯ ಮೇಲೆ, ನೈಲಾನ್ ಹಗ್ಗದಲ್ಲಿ. ನಮ್ಮ ಹುಡುಗರು ಮಾಡಿದ ಕೆಲಸವೆಲ್ಲ ಚೊಕ್ಕ ಅಂತ ಎದೆ ತಟ್ಟಿಕೊಳ್ಳೋದೂ ಬೇಡ. ಅರ್ತಿಂಗು ಬಿಟ್ಟು ಎಳೆದವರು ಅವರಲ್ಲೂ ಇದ್ದಾರೆ. ಕಲಿಸಿದ ಮೇಸ್ತ್ರಿ ಕಲಿಸಲಿಲ್ಲ, ಮನೆಯವರ ಹತ್ತಿರ ದುಡ್ಡಿರಲಿಲ್ಲ, ಪರೀಕ್ಷೆ ಮಾಡೋರು ಬರೋದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಇನ್ನು ಕೆಲವರು ಹೇಳುತ್ತಾರೆ, ನಮ್ಮವರಿಗೂ ನಾಲ್ಕು ಲೈಸೆನ್ಸು ಕೊಡಿಸಿದರೆ ಆಯಿತಲ್ಲ ಅಂತ. ಕೊಡಿಸಬೇಕು, ಖಂಡಿತ ಕೊಡಿಸಬೇಕು. ವೈರ್‌ಮನ್ ಪರೀಕ್ಷೆ ತಾಲ್ಲೂಕಿನಲ್ಲೇ ನಡೆಯಲಿ, ಕನ್ನಡದಲ್ಲಿ ನಡೆಯಲಿ, ಅರ್ಧ ಅಂಕ ಕೈಕೆಲಸಕ್ಕೆ ಇರಲಿ, ಬೆಂಗಳೂರಿನಲ್ಲಿ ದುಡಿದ ವರ್ಷಗಳಿಗೆ ಲೆಕ್ಕ ಸಿಗಲಿ. ಆದರೆ ನಮ್ಮವನೇ ಒಬ್ಬ ಲೈಸೆನ್ಸು ಪಡೆದು ಅಂಗಡಿಯಲ್ಲಿ ಕೂತು ಸೀಲು ಮಾರಿದರೆ? ಅಂಥವರನ್ನೂ ನಾವು ಕಂಡಿದ್ದೇವೆ. ಅಣ್ಣಾ, ನಮ್ಮ ಜನಕ್ಕೆ ಅಂತ ಡಿಸ್ಕೌಂಟಿನಲ್ಲಿ ಕೊಡ್ತೀನಿ ಅಂದ ಒಬ್ಬ. ಡಿಸ್ಕೌಂಟಿನ ಸಾವು!

ಬಾಬಾ ಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಈ ದೇಶದ ವಿದ್ಯುತ್ ನೀತಿಯ ಹೊಣೆಯೂ ಅವರದೇ ಆಗಿತ್ತು ಅಂತ ಎಷ್ಟು ಜನ ಮೇಷ್ಟ್ರುಗಳು ಪಾಠ ಮಾಡುತ್ತಾರೆ? 1943ರ ಅಕ್ಟೋಬರಿನಲ್ಲಿ ವಿದ್ಯುತ್ತಿನ ನೀತಿ ಸಮಿತಿಯ ಅಧ್ಯಕ್ಷತೆ ವಹಿಸಿದವರು ಅವರು. ವಿದ್ಯುತ್ತು ಅಗ್ಗವಾಗಿ, ಧಾರಾಳವಾಗಿ ಸಿಗದೆ ಕೈಗಾರಿಕೆ ಬೆಳೆಯದು, ಬಡತನ ನೀಗದು ಅಂತ ಅಲ್ಲಿ ವಾದಿಸಿದರು. 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಬಂದದ್ದೂ ಅವರ ಕಾಲದಲ್ಲೇ. ಕೈಯಲ್ಲಿ ಸಂವಿಧಾನ ಹಿಡಿದ ಪ್ರತಿಮೆಗೆ ಹಾರ ಹಾಕುವವರು ಪ್ರತಿಮೆಯ ಸುತ್ತ ಸುತ್ತಿದ ಆ ಲೈಟಿನ ವೈರನ್ನು ಒಮ್ಮೆ ನೋಡಲಿ.

ನಮ್ಮ ಬೇಡಿಕೆ ಹೀಗಿದೆ. ಯಾರೇ ವೈರು ಎಳೆದಿರಲಿ, ಮನೆಗೆ ಬಂದು ಮೆಗ್ಗರು ಹಿಡಿದು, ಅರ್ತು ಅಳೆದು, ಅಂಕಿ ಬರೆದು ಸಹಿ ಹಾಕಿ. ಸರಿಯಿಲ್ಲದಿದ್ದರೆ ಏನು ಸರಿಯಿಲ್ಲ ಅಂತ ಕನ್ನಡದಲ್ಲಿ ಬರೆದುಕೊಡಿ, ಸರಿ ಮಾಡಿ ಇನ್ನೊಮ್ಮೆ ಕರೆಯುತ್ತೇವೆ. ಬಡವರ ಮನೆಗೆ ಈ ಪರೀಕ್ಷೆಗೆ ಫೀಸು ಬೇಡ. ಭಾಗ್ಯಜ್ಯೋತಿಯ ಹಳೇ ಮನೆಗಳ ರೀವೈರಿಂಗು, ಅರ್ತಿಂಗು, 30 ಮಿಲಿ ಆಂಪಿಯರಿನ ಯಂತ್ರ, ಇವು ಸರ್ಕಾರದ ಖರ್ಚು. ವೈರು ಎಳೆದವನ ಹೆಸರಿಗೆ ಕಾಗದದಲ್ಲಿ ಒಂದು ಸಾಲು. ಹೆಸರಿದ್ದರೆ ಹೊಣೆಯೂ ಇರುತ್ತದೆ, ಹೊಣೆ ಹೊರೋಕೆ ನಮ್ಮ ಹುಡುಗರು ತಯಾರಿದ್ದಾರೆ. ಹೊಣೆ ಹೊರದೆ ಸೀಲು ಒತ್ತುವವನ ಲೈಸೆನ್ಸು ಕಿತ್ತುಕೊಳ್ಳಿ.

ಇದೆಲ್ಲ ಆಗುವ ತನಕ ಕೂತಿರಬೇಕಾಗಿಲ್ಲ. ಡಿಗ್ರಿ ಓದುವ ಹುಡುಗರು, ಮೇಷ್ಟ್ರುಗಳು ಈ ತಿಂಗಳೇ ಮಾಡಬಹುದಾದ ಕೆಲಸ ಒಂದಿದೆ. ಮಾಹಿತಿ ಹಕ್ಕಿನ ನಮೂನೆ 'ಎ' ತೆಗೆದುಕೊಳ್ಳಿ. ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕಾರ್ಡಿದ್ದವರಿಗೆ ಅದೂ ಇಲ್ಲ. ಕೇರಿಯ ಒಂದೊಂದು ಮನೆಯವರಿಂದಲೂ ಅವರವರ ಮನೆಯ ಆರ್.ಆರ್. ನಂಬರು ಬರೆಸಿ, ನಮ್ಮ ಮನೆಯ ಕಂಪ್ಲೀಷನ್ ರಿಪೋರ್ಟಿನ ಪ್ರತಿ ಕೊಡಿ, ಪರೀಕ್ಷೆಯ ಅಂಕಿ, ಪರೀಕ್ಷೆ ಮಾಡಿದ ದಿನಾಂಕ ಕೊಡಿ ಅಂತ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಅಷ್ಟರೊಳಗೆ ಐ.ಟಿ.ಐ. ಮಾಡಿದ ಹುಡುಗನೊಬ್ಬನನ್ನು, ಒಂದು ಮೆಗ್ಗರನ್ನು ಹುಡುಕಿಕೊಳ್ಳಿ. ಮೇನ್ ಸ್ವಿಚ್ಚು ಆಫ್ ಮಾಡದೆ, ಬಲ್ಬು, ಟಿ.ವಿ. ಕಳಚದೆ ಅದನ್ನು ಹಚ್ಚಬಾರದು, ಗೊತ್ತಿಲ್ಲದವರು ಮುಟ್ಟಲೇಬಾರದು. ಕಾಗದದಲ್ಲಿ ಬರೆದಿರುವ ಅಂಕಿ ಒಂದು ಕಡೆ, ನಮ್ಮ ಹುಡುಗ ಕಂಡ ಅಂಕಿ ಇನ್ನೊಂದು ಕಡೆ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಊರಿನ ಹೆಸರಿರಲಿ, ಮನೆಯವರ ಹೆಸರು ಬೇಡ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇವೆ.